ಪಾಟ್ಲಿಗೆಂದು ಕೂಡಿಟ್ಟ ರೊಕ್ಕ

ಜಮಖಂಡಿಯಲ್ಲಿ ನನ್ನ ತವರು ಓಣಿಯ ಹುಡುಗಿಯೊಬ್ಬಳ ಮದುವೆ. ಊಟದ ಪಂಕ್ತಿಯಲ್ಲಿ ಕುಳಿತಿದ್ದೆ. ಎಲೆಗೆ ಗೋಧಿ-ಬೆಲ್ಲದ ಮಾದಲಿ ಬಂದಿತ್ತು, ಅದರ ಮೇಲೆ ತುಪ್ಪ ಬೀಳುವುದನ್ನೇ ನೋಡುತ್ತಿದ್ದೆ. ಆಗ ಎದುರಿನ ಸಾಲಿನಲ್ಲಿ ನನ್ನ ಗೆಳತಿ ಬಂದು ಕುಳಿತಳು. ಕುಳಿತವಳೇ ನೀರಿನ ಲೋಟಕ್ಕೆ ಕೈ ಚಾಚಿದಳು. ಹಸಿರು ಬಳೆಗಳ ಮಧ್ಯೆ ಬಂಗಾರದ ಪಾಟ್ಲಿ. ಇನ್ನೊಂದು ಕೈ ನೋಡಿದೆ. ಅಲ್ಲಿಯೂ ಒಂದು. ಅಗಲವಾದ, ಅಂಚಿಗೆ ಸಣ್ಣ ಹೂ ಕೊರೆದ ಪಾಟ್ಲಿ. ಮಾಡಿಸಿ ಬಹಳ ದಿನವಾಗಿರಲಿಲ್ಲ, ಹೊಳಪೇ ಹೇಳುತ್ತಿತ್ತು.

ಅವಳು ನನಗೆ ರೊಕ್ಕ ಕೊಡಬೇಕಿತ್ತು. ಆ ರೊಕ್ಕವನ್ನು ನಾನು ಕೂಡಿಟ್ಟಿದ್ದದ್ದು ಪಾಟ್ಲಿಗೆಂದೇ.

"ಏ, ನೀ ಯಾವಾಗ ಬಂದಿ? ಒಂದ ಫೋನ್ ಮಾಡಬಾರದ?" ಎಂದು ಅವಳೇ ಮೊದಲು ಮಾತಾಡಿಸಿದಳು. ಅವಳ ದನಿಯಲ್ಲಿ ಅಳುಕು ಇರಲಿಲ್ಲ. ಸಾಲ ಕೊಟ್ಟವಳು ನಾನು, ಆದರೆ ಮುಖ ಕೆಳಗೆ ಹಾಕಿದವಳೂ ನಾನೇ.

"ಪಾಟ್ಲಿ ಛಲೋ ಅದಾವ," ಎಂದೆ.

"ಹೌದ? ಊಟ ಮಾಡು, ಆಮ್ಯಾಲ ಹೇಳ್ತೀನಿ."

ಆಮೇಲೆ ಅವಳು ಸಿಗಲಿಲ್ಲ. ಕೈ ತೊಳೆದು ಬರುವಷ್ಟರಲ್ಲಿ, ಯಾವುದೋ ರೊಟ್ಟಿಯ ಆರ್ಡರು ಇದೆಯೆಂದು ಹೊರಟುಹೋಗಿದ್ದಳು. ನಾನು ಎಲೆಯಲ್ಲಿ ಅರ್ಧ ಬಿಟ್ಟು ಎದ್ದಿದ್ದೆ. ಮಾದಲಿಯನ್ನು ಹಾಗೆ ಬಿಟ್ಟು ಎದ್ದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ನಾವಿಬ್ಬರೂ ರಬಕವಿಯ ಒಂದೇ ಓಣಿಯಲ್ಲಿ ಬೆಳೆದವರು. ಇಬ್ಬರ ಮನೆಯಲ್ಲಿಯೂ ಮಗ್ಗ. ಶಾಲೆಗೆ ಹೋಗುವಾಗಿನಿಂದ ಅವಳು ನನಗಿಂತ ಒಂದು ಹೆಜ್ಜೆ ಮುಂದೆ. ಅವಳ ಜಡೆ ನನ್ನದಕ್ಕಿಂತ ದಪ್ಪ, ಅಕ್ಷರ ನನ್ನದಕ್ಕಿಂತ ದುಂಡಗೆ. ನನ್ನ ಅವ್ವ ಸಹ "ಆಕಿನ್ನ ನೋಡಿ ಕಲಿ" ಎನ್ನುತ್ತಿದ್ದಳು. ಮದುವೆಯ ವಿಷಯದಲ್ಲಿ ಮಾತ್ರ ನಾನು ಗೆದ್ದೆ ಎಂದುಕೊಂಡಿದ್ದೆ. ನನ್ನನ್ನು ಪಕ್ಕದ ಬನಹಟ್ಟಿಗೇ ಕೊಟ್ಟರು, ಗಂಡನಿಗೆ ಸ್ವಂತ ಮಗ್ಗಗಳಿದ್ದವು. ಅವಳನ್ನು ಮುಧೋಳಕ್ಕೆ ಕೊಟ್ಟರು. ಗಂಡ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಡ್ರೈವರ್, ಅದೂ ಬೇರೆಯವರ ಟ್ರ್ಯಾಕ್ಟರು. ಅವಳು ತವರಿಗೆ ಬಂದಾಗ ನಾನು ಹೋಗಿ ಮಾತಾಡಿಸುತ್ತಿದ್ದೆ. ಅವಳ ಕಷ್ಟ ಕೇಳಿ ನಿಜವಾಗಿಯೂ ಮರುಗುತ್ತಿದ್ದೆ. ಮರುಗುವುದು ಸುಲಭವಾಗಿತ್ತು, ಏಕೆಂದರೆ ಆಗ ಮೇಲಿದ್ದವಳು ನಾನು.

ನಾನು ಜಂಪರು ಹೊಲಿಯುತ್ತೇನೆ, ಸೀರೆಗೆ ಫಾಲು ಹಚ್ಚುತ್ತೇನೆ. ಅದರಲ್ಲಿ ಉಳಿದದ್ದನ್ನು ಭಿಶಿಗೆ ಹಾಕುತ್ತಿದ್ದೆ. ಭಿಶಿಯೆಂದರೆ ಓಣಿಯ ಹೆಂಗಸರೆಲ್ಲ ತಿಂಗಳಿಗೊಮ್ಮೆ ರೊಕ್ಕ ಕೂಡಿಸಿ ಒಬ್ಬೊಬ್ಬರಿಗೆ ಎತ್ತಿಕೊಡುವ ಚೀಟಿ. ನನ್ನ ಪಾಳಿ ಬಂದ ವಾರವೇ ಅವಳೂ ಬಂದಳು. ಗಂಡನ ಬೆನ್ನು ಹೋಗಿತ್ತು. ಇನ್ನು ಟ್ರ್ಯಾಕ್ಟರ್ ಸೀಟಿನ ಮೇಲೆ ಕೂರಬೇಡ ಎಂದು ಡಾಕ್ಟರು ಹೇಳಿದ್ದರು.

"ರೊಟ್ಟಿ ಮಷೀನ್ ತಗೋಬೇಕಂತ ಮಾಡೇನಿ," ಎಂದಳು. "ಕೈಲೇ ಬಡದು ಎಷ್ಟ ರೊಟ್ಟಿ ಮಾರತೀನಿ? ಮಷೀನ್ ಇದ್ರ ಖಾನಾವಳಿಗೆಲ್ಲಾ ಕೊಡಬಹುದು. ಹಳೇ ಮಷೀನ್ ಒಂದು ಸಿಗಾಕತ್ತೈತಿ. ನನ್ನ ಕೈ ಹಿಡಿ."

ನಾನು ಒಳಗೆ ಹೋಗಿ ತಂದುಕೊಟ್ಟೆ. ಪಾಟ್ಲಿಗೆ ಇಟ್ಟದ್ದೆಂದು ಹೇಳಿಯೇ ಕೊಟ್ಟೆ. ಅವಳ ಕಣ್ಣಲ್ಲಿ ನೀರು ಬಂತು. "ಬರೂ ದೀಪಾವಳಿಗೆ ನಿನ್ನ ಕೈಯಾಗ ಪಾಟ್ಲಿ ಇರತಾವ, ನೋಡ," ಎಂದಳು. ಬರೆದುಕೊಳ್ಳಲಿಲ್ಲ, ಸಾಕ್ಷಿ ಇಲ್ಲ, ಬಡ್ಡಿಯ ಮಾತು ಇಲ್ಲ. ಅವತ್ತು ಅವಳನ್ನು ಬಸ್ಸಿಗೆ ಕಳಿಸಿ ಬರುವಾಗ ನನಗೆ ಎಂಥ ಸಮಾಧಾನವಿತ್ತೆಂದರೆ, ಪಾಟ್ಲಿ ಹಾಕಿಕೊಂಡಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ.

ಆ ದೀಪಾವಳಿ ಹೋಯಿತು, ಮರುವರ್ಷದ್ದೂ ಹೋಯಿತು. ಅವಳ ವ್ಯಾಪಾರ ಮಾತ್ರ ಏರುತ್ತ ಹೋಯಿತು. ಮೊದಲು ಮುಧೋಳದ ಖಾನಾವಳಿಗಳು, ಆಮೇಲೆ ಜಮಖಂಡಿ, ಆಮೇಲೆ ಬೀಳಗಿ ಕಡೆಯ ಮದುವೆಗಳು. ಅವಳು ಫೋನಿನ ಸ್ಟೇಟಸ್ಸಿನಲ್ಲಿ ಹಾಕುವ ಫೋಟೋಗಳನ್ನು ನಾನು ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದೆ. ಖಡಕ್ ರೊಟ್ಟಿಯ ಗೋಪುರ, ಹೊಸ ತಗಡಿನ ಶೆಡ್ಡು, ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡ ಹೆಂಗಸರು, ನಡುವೆ ಇವಳು. ನೋಡಬಾರದು ಎಂದು ಫೋನು ಮಗುಚಿಟ್ಟು ಮತ್ತೆ ನೋಡುತ್ತಿದ್ದೆ. ಆ ಫೋಟೋಗಳಲ್ಲಿ ಎಲ್ಲೋ ನನ್ನ ರೊಕ್ಕವಿತ್ತು, ಅದು ಕಾಣುತ್ತಿರಲಿಲ್ಲ.

ಒಮ್ಮೆ ನಮ್ಮ ಮನೆಯ ಕಾರ್ಯಕ್ಕೇ ಯಾರೋ ಅವಳ ರೊಟ್ಟಿ ತರಿಸಿದರು. ನನ್ನ ಅತ್ತೆ ಒಂದು ಮುರಿದು ಬಾಯಿಗಿಟ್ಟು, "ಏನ ರೊಟ್ಟಿ ಇವು! ಹಪ್ಪಳಕಿಂತ ತೆಳ್ಳಗ. ನೀನೂ ಇಂಥಾದೇನರ ಮಾಡಬಾರದ?" ಎಂದರು. ನಾನು ಆ ದಿನ ಅನ್ನವನ್ನೇ ಉಂಡೆ.

ಫೋನು ಮಾಡಿ ಕೇಳಿದಾಗಲೆಲ್ಲ ಅವಳು ಇಲ್ಲವೆನ್ನುತ್ತಿರಲಿಲ್ಲ. "ಕೊಡತೀನಿ, ಕೊಡತೀನಿ. ಈ ಲಗ್ನದ ಸೀಜನ್ ಮುಗೀಲಿ," ಎನ್ನುತ್ತಿದ್ದಳು. ನಂತರ ನನ್ನ ಮೊಣಕಾಲು ನೋವು ಹೇಗಿದೆ, ಅತ್ತೆ ಹೇಗಿದ್ದಾರೆ ಎಂದು ಅಷ್ಟು ಅಕ್ಕರೆಯಿಂದ ಕೇಳುತ್ತಿದ್ದಳು. ಫೋನಿಟ್ಟ ಮೇಲೆ ನನಗೇ ನಾಚಿಕೆಯಾಗುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಆ ನಾಚಿಕೆಗೂ ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಬಂಗಾರದ ಧಾರಣೆ ಎಲ್ಲಿಗೋ ಹೋಗಿಬಿಟ್ಟಿತು. ನಾನು ಕೊಟ್ಟಾಗ ಎರಡು ಪಾಟ್ಲಿ ಬರುತ್ತಿದ್ದ ರೊಕ್ಕಕ್ಕೆ ಈಗ ಒಂದೂ ಬರುವುದಿಲ್ಲ ಎಂದು ಸರಾಫ ಅಂಗಡಿಯಲ್ಲಿ ಕೇಳಿ ತಿಳಿದುಕೊಂಡಿದ್ದೆ. ಹೀಗಿರುವಾಗ ಜಮಖಂಡಿಯಲ್ಲಿ ಅವಳ ಕೈ ಕಂಡಿತು.

ಮದುವೆಯಿಂದ ಬಂದವಳೇ ಗಂಡನಿಗೆ ಹೇಳಿದೆ. ಅವರು ಮಗ್ಗ ನಿಲ್ಲಿಸಿ ಕೇಳಿದರು.

"ಹೋಗಿ ಕೇಳು. ಇಲ್ಲಾ ಬಿಟ್ಟುಬಿಡು. ಹಿಂಗ ಮನ್ಯಾಗ ಕುಂತು ಸುಟ್ಟಕೊಂಡ್ರ ರೊಕ್ಕ ಬರೂದಿಲ್ಲ," ಎಂದರು.

ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ಹರಿಸಿಕೊಂಡು ಮುಧೋಳಕ್ಕೆ ಹೋದೆ. ಮಹಾಲಿಂಗಪುರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತ ಕುಳಿತಿದ್ದೆ. ಒಂದನ್ನೂ ಆಡಲಾಗಲಿಲ್ಲ. ನಾನು ಶೆಡ್ಡಿನ ಬಾಗಿಲಲ್ಲಿ ಕಂಡ ಕೂಡಲೇ ಅವಳು ಹಿಟ್ಟಿನ ಕೈಯಲ್ಲಿಯೇ ಓಡಿ ಬಂದು, ಕೆಲಸದ ಹೆಂಗಸರಿಗೆಲ್ಲ ಕೇಳುವಂತೆ, "ನೋಡ್ರವಾ, ಈಕಿ ಇಲ್ಲದಿದ್ರ ಈ ಮಷೀನೂ ಇಲ್ಲ, ನಾನೂ ಇಲ್ಲ," ಎಂದಳು. ಎಲ್ಲರೂ ನನಗೆ ಕೈ ಮುಗಿದರು. ಹೀಗೆ ಕೈ ಮುಗಿಸಿಕೊಂಡವಳು ರೊಕ್ಕ ಕೊಡು ಎಂದು ಹೇಗೆ ಬಾಯಿ ತೆರೆಯಬೇಕು?

ಚಹಾ ಕುಡಿಯುತ್ತ ನೋಡುತ್ತ ಕುಳಿತೆ. ಅಲ್ಲಿ ಒಬ್ಬಳು ಅನಗವಾಡಿಯವಳಿದ್ದಳು. ಗಂಡ ತೀರಿಕೊಂಡ ಮೇಲೆ ಮುಧೋಳಕ್ಕೆ ಬಂದು ಇವಳ ಹತ್ತಿರ ಕೆಲಸಕ್ಕೆ ಸೇರಿದವಳು. ಮಾತು ಮಾತಿಗೆ "ಅಕ್ಕಾರ, ಅಕ್ಕಾರ" ಎನ್ನುತ್ತ ನನ್ನ ಗೆಳತಿಯ ಬೆನ್ನಿಗೇ ತಿರುಗುತ್ತಿದ್ದಳು. ಗೆಳತಿ ಅವಳ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಆ ನಗು ನನಗೆ ಗೊತ್ತಿತ್ತು. ರಬಕವಿಯ ಶಾಲೆಯ ಕಟ್ಟೆಯ ಮೇಲೆ ಅದು ನನ್ನ ಕಿವಿಯ ಹತ್ತಿರ ಆಗುತ್ತಿದ್ದ ನಗು. ಪಾಟ್ಲಿ ನೋಡಿದಾಗ ಉರಿದದ್ದಕ್ಕಿಂತ ಈಗ ಹೆಚ್ಚು ಉರಿಯಿತು. ಆ ಹೆಂಗಸಿನ ಮಗಳ ನರ್ಸಿಂಗ್ ಫೀಸನ್ನು ಅಕ್ಕಾರೇ ತುಂಬಿದರೆಂದು ಇನ್ನೊಬ್ಬಳು ಬೇರೆ ಹೇಳಿದಳು.

ನಾನು ಚಹಾದ ಲೋಟ ಕೆಳಗಿಟ್ಟೆ. "ಒಳಗ ಬಾ, ಸ್ವಲ್ಪ ಮಾತಾಡೂದೈತಿ," ಎಂದು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.

"ನನ್ನ ರೊಕ್ಕ ಕೊಡು."

"ನಾ ಇಲ್ಲ ಅಂದೇನೇನ? ಈ ಬ್ಯಾಸಿಗಿ ಆರ್ಡರ್..."

"ಬ್ಯಾಸಿಗಿ ಬಂದು ಬಂದು ಹೋಗ್ಯಾವ. ಊರ ಮಂದಿ ಫೀ ತುಂಬಾಕ ರೊಕ್ಕ ಐತಿ, ಪಾಟ್ಲಿ ಮಾಡಿಸಾಕ ರೊಕ್ಕ ಐತಿ, ನನಗ ಕೊಡಾಕ ಇಲ್ಲ."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಇವು ಚಂದಕ್ಕಂತ ಮಾಡಿಸೇನಂತ ತಿಳದಿಯೇನ? ಅಡತಿ ಸಾಹುಕಾರ ಖಾಲಿ ಕೈ ನೋಡಿದ್ರ ಅರ್ಧ ಚೀಲ ಜೋಳ ಸೈತ ಉದ್ರಿ ಕೊಡಾಂಗಿಲ್ಲ. ಗಂಡ ದುಡಿಯಾಂಗಿಲ್ಲ ಅನ್ನೂದು ಊರಿಗೇ ಗೊತ್ತೈತಿ. ಕೈಯಾಗ ಬಂಗಾರ ಇದ್ರ 'ಬರ್ರಿ ಅಕ್ಕಾರ' ಅಂತಾನ, ಇಲ್ಲಂದ್ರ 'ಏನಬೇ' ಅಂತಾನ."

"ಅದು ನನ್ನ ರೊಕ್ಕದ ಬಂಗಾರ."

"ಮಷೀನ್ ಕೊಟ್ಟಾವನ ಬಾಕಿ, ಸಂಘದವರ ಸಾಲ, ಎಲ್ಲಾ ಮುಟ್ಟಿಸೇನಿ. ನಿಂದೊಂದ ಉಳದೈತಿ. ಅವರು ಬಾಗಲಕ್ಕ ಬಂದು ನಿಂದರತಿದ್ರು. ನೀ ಕಾಯ್ತಿ ಅಂತ ನನಗ ಧೈರ್ಯ ಇತ್ತು."

"ಹೊರಗಿನವರಿಗೆ ಮೊದಲ, ನನಗ ಕಡೀಕೇನ?"

"ನೀ ಹೊರಗಿನಾಕಿ ಅಲ್ಲಂತ!"

ಅದನ್ನು ಅವಳು ಪ್ರೀತಿಯಿಂದಲೇ ಹೇಳಿರಬೇಕು. ನನಗೆ ಅದು ಕೇಳಿಸಿದ್ದು ಬೇರೆ ರೀತಿ. ಯಾರೋ ಅಪರಿಚಿತರು, ಬಾಗಿಲಲ್ಲಿ ನಿಂತು ಕೂಗಾಡಿದವರು ನನಗಿಂತ ಮೊದಲು ತಮ್ಮ ರೊಕ್ಕ ಎಣಿಸಿಕೊಂಡು ಹೋಗಿದ್ದರು. ಅವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

"ನಾ ಇನ್ನ ಕಾಯಾಂಗಿಲ್ಲ," ಎಂದೆ.

ಅವಳು ಎಡಗೈಯ ಪಾಟ್ಲಿ ಜಗ್ಗಿದಳು, ಬಂತು. ಬಲಗೈಯದು ಬರಲಿಲ್ಲ. ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿಕೊಂಡು ತೆಗೆದಳು. ಮಣಿಕಟ್ಟು ಕೆಂಪಗಾಗಿತ್ತು. ಎರಡನ್ನೂ ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದಳು.

"ರೊಕ್ಕ ತಂದ ಕೊಡೂತನಾ ನಿನ್ನ ಹಂತೇಕ ಇರಲಿ."

ಬೇಡ ಎನ್ನುತ್ತೇನೆಂದು ಅವಳು ಎಣಿಸಿದ್ದಳೋ ಏನೋ. ನಾನು ಬೇಡ ಎನ್ನಲಿಲ್ಲ. ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ. ಶೆಡ್ಡು ದಾಟುವಾಗ ಆ ಹೆಂಗಸರು ಮತ್ತೆ ನನಗೆ ಕೈ ಮುಗಿದರು.

ಮನೆಗೆ ಬಂದು ಹಾಕಿಕೊಂಡೆ. ನನ್ನ ಕೈಗೆ ಮಾಡಿಸಿದ ಹಾಗೆಯೇ ಕುಳಿತವು. ಗಂಡ ನೋಡಿದರು.

"ಗೆಳತಿ ಕೈಯಾಂದ ಬಿಚ್ಚಿಸಿಕೊಂಡ ಬಂದಿ. ಹಾಕ್ಕೊಳ್ಳಾಕ ಮನಸ ಹೆಂಗ ಬರತೈತಿ ನಿನಗ?"

"ಬರತೈತಿ," ಎಂದೆ. ಬರುತ್ತಲೂ ಇತ್ತು. ಹೊಲಿಗೆ ಮಷೀನಿನ ಮುಂದೆ ಕುಳಿತು ಜಂಪರು ಹೊಲಿಯುವಾಗ ಬಟ್ಟೆ ಜರುಗಿಸುವ ಕೈ ನನ್ನದೋ ಬೇರೆಯವರದೋ ಎನ್ನುವಷ್ಟು ಚೆಂದ ಕಾಣುತ್ತಿತ್ತು. ಅಳತೆ ಕೊಡಲು ಬಂದವರು ಕೇಳಿದರೆ, "ಅವರು ಮಾಡಿಸಿದ್ರು" ಎಂದು ಗಂಡನ ಕಡೆ ತೋರಿಸುತ್ತಿದ್ದೆ. ಅವರು ತಲೆ ಎತ್ತದೆ ಮಗ್ಗದ ಎಳೆ ಕಟ್ಟುತ್ತಿದ್ದರು. ಆ ತಿಂಗಳುಗಳಲ್ಲಿ ಗೆಳತಿಯ ಫೋನು ಬರಲಿಲ್ಲ. ಸ್ಟೇಟಸ್ಸಿನಲ್ಲಿ ಫೋಟೋಗಳೂ ಕಡಿಮೆಯಾದವು. ನಾನು ದಿನಾ ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಬೀಳಗಿಯಲ್ಲಿ ನನ್ನ ನಾದಿನಿಯ ಮಗಳ ಕುಬಸ ಮಾಡಿದರು. ಚೊಚ್ಚಲ ಬಸುರಿಗೆ ಸೀರೆ ಕುಬಸ ಏರಿಸುವ ಕಾರ್ಯ, ಬೀಗರೆಲ್ಲ ಸೇರಿದ್ದರು. ಪಾಟ್ಲಿ ಹಾಕಿಕೊಂಡೇ ಹೋಗಿದ್ದೆ. ಬಸುರಿಗೆ ಆರತಿ ಮಾಡಲು ತಟ್ಟೆ ಹಿಡಿದಿದ್ದೆ. ಊಟಕ್ಕೆ ಹೇಳಿದ್ದ ರೊಟ್ಟಿಯ ಬುಟ್ಟಿಗಳನ್ನು ಇಳಿಸಿಕೊಂಡು ಒಬ್ಬಳು ಒಳಗೆ ಬಂದಳು. ಅದೇ ಅನಗವಾಡಿಯವಳು. ನನ್ನನ್ನು ನೋಡಿ ನಕ್ಕಳು. ಅವಳ ಕಣ್ಣು ನನ್ನ ಮುಖದಿಂದ ಕೆಳಗೆ ಇಳಿಯಿತು.

"ಅಯ್ಯ, ಇವು ನಮ್ಮ ಅಕ್ಕಾರ ಪಾಟ್ಲಿ ಅಲ್ರೀ?"

ನಾದಿನಿ ತಿರುಗಿ ನೋಡಿದಳು. ಬೀಗರ ಕಡೆಯ ಹೆಂಗಸರೂ ನೋಡಿದರು.

"ಇಂಥ ನಮೂನಿ ಪಾಟ್ಲಿ ಊರ ತುಂಬ ಇರತಾವ," ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

"ಹೌದ್ರಿ, ಇರತಾವ ಬಿಡ್ರಿ. ನಮ್ಮ ಅಕ್ಕಾರು ತಮ್ಮವನ್ನ ಪಾಲಿಶ್‌ಗೆ ಕೊಟ್ಟೇನಿ ಅಂದಾರ. ಭಾಳ ದಿನ ಆತು, ಇನ್ನೂ ಬಂದಿಲ್ಲ." ಅವಳು ಬುಟ್ಟಿಯ ಬಟ್ಟೆ ಸರಿಪಡಿಸುತ್ತ ತನ್ನ ಪಾಡಿಗೆ ಹೇಳುತ್ತ ಹೋದಳು. "ಕೈ ಖಾಲಿ ಆದ್ದು ನೋಡಿ ಅಡತಿ ಸಾಹುಕಾರ ಉದ್ರಿ ಬಂದ್ ಮಾಡ್ಯಾನ್ರಿ. ದಿನಾ ರೊಕ್ಕ ಎಣಿಸಿ ಒಂದೊಂದ ಚೀಲ ತರಾಕತ್ತೇವಿ. ಮಧ್ಯಾಹ್ನಕ್ಕ ಹಿಟ್ಟ ತೀರತೈತಿ, ಮಷೀನ್ ನಿಂದರತೈತಿ."

ಆರತಿ ಮಾಡಿದೆನೋ ಇಲ್ಲವೋ ನೆನಪಿಲ್ಲ. ಹಿತ್ತಲಿಗೆ ಹೋಗಿ ಪಾಟ್ಲಿ ತೆಗೆದು ಚೀಲದಲ್ಲಿಟ್ಟೆ. ಗೆಳತಿ ನನ್ನ ಹೆಸರು ಹೇಳಿರಲಿಲ್ಲ. ದಿನಾ ಜೊತೆಗಿರುವವಳಿಗೂ ಹೇಳಿರಲಿಲ್ಲ. ನನ್ನ ಮಾನ ಉಳಿಸಿದ್ದಳು. ಅದಕ್ಕೆ ನಾನು ಕರಗಬೇಕಿತ್ತು. ಬಂದದ್ದು ಮಾತ್ರ ಹಳೆಯ ಉರಿಯೇ. ಜಡೆ, ಅಕ್ಷರ, ರೊಟ್ಟಿ ಎಲ್ಲ ಇರಲಿ, ದೊಡ್ಡ ಮನಸ್ಸಿನಲ್ಲಿಯೂ ಅವಳೇ ಮುಂದೆ ಇರಬೇಕೇ?

ಮರುದಿನ ಬನಹಟ್ಟಿಗೆ ಹೋಗದೆ ಬೀಳಗಿಯಿಂದ ನೇರ ಮುಧೋಳದ ಬಸ್ಸು ಹತ್ತಿದೆ. ಶೆಡ್ಡಿನಲ್ಲಿ ಮಷೀನಿನ ಸದ್ದಿರಲಿಲ್ಲ. ಅವಳು ಹೊಸ್ತಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನಾನು ಪಾಟ್ಲಿಯ ಗಂಟನ್ನು ಅವಳ ಮೊರದ ಪಕ್ಕ ಇಟ್ಟೆ.

"ಹಾಕ್ಕೊ. ರೊಕ್ಕ ಸ್ವಲ್ಪ ಸ್ವಲ್ಪ ಕೊಡು, ತಿಂಗಳಿಗಿಷ್ಟ ಅಂತ."

ಅವಳು ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. "ಒಲ್ಲೆ."

"ಸಾಹುಕಾರ ಉದ್ರಿ ಕೊಡವಲ್ಲ ಅಂತಲಾ."

"ಯಾರ ಹೇಳಿದ್ರು? ಆಕಿ ಬಾಯಿ ಸುಮ್ಮನಿರೂದಿಲ್ಲ." ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. "ಅವತ್ತ ನೀ ಕಾಯಾಂಗಿಲ್ಲ ಅಂದಿ. ಆತು. ಇನ್ನ ರೊಕ್ಕ ತಂದ ಕೊಟ್ಟ ಒಯ್ಯತೀನಿ. ಕನಿಕರಕ್ಕ ಕೊಟ್ರ ನನಗ ಬ್ಯಾಡ."

ಎಷ್ಟು ಹೇಳಿದರೂ ಮುಟ್ಟಲಿಲ್ಲ. ಊಟಕ್ಕೆ ಹಾಕಿದಳು, ಉಂಡೆ. ಪಾಟ್ಲಿ ಮತ್ತೆ ನನ್ನ ಚೀಲದಲ್ಲಿಯೇ ಬನಹಟ್ಟಿಗೆ ಬಂದವು. ದಾರಿಯಲ್ಲಿ ನನಗೆ ದುಃಖವೂ ಆಗಿತ್ತು, ಒಳಗೆ ಎಲ್ಲೋ ಹಗುರವೂ ಆಗಿತ್ತು. ಕೊಡಲು ಹೋಗಿದ್ದೆ, ಅವಳೇ ಬೇಡವೆಂದಳು. ಆದರೆ ಅವನ್ನು ಮತ್ತೆ ಕೈಗೆ ಏರಿಸಲು ಮನಸ್ಸಾಗಲಿಲ್ಲ. ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿಟ್ಟೆ.

ಅವಳು ಮಾತಿಗೆ ತಪ್ಪಲಿಲ್ಲ. ಮಳೆಗಾಲ ಕಳೆದ ಮೇಲೆ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಅವಳ ಗಂಡ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯ ತುದಿಗೆ ಕುಳಿತಿದ್ದರು. ಅವಳು ರೊಕ್ಕವನ್ನು ನನ್ನ ಕೈಗೆ ಕೊಡದೆ ನನ್ನ ಗಂಡನ ಮುಂದೆ ಇಟ್ಟಳು.

"ಎಣಿಸ್ಕೊಳ್ರಿ ಅಣ್ಣಾರ."

"ಎಣಿಸೂದೇನೈತಿ ತಂಗಿ," ಎಂದರು ನನ್ನ ಗಂಡ.

"ಇಲ್ರೀ, ಎಣಿಸ್ಕೊಳ್ರಿ. ಮ್ಯಾಲ ಸ್ವಲ್ಪ ಹೆಚ್ಚ ಐತಿ." ಆಮೇಲೆ ನನ್ನ ಕಡೆ ತಿರುಗಿದಳು. "ಬಂಗಾರದ ಧಾರಣಿ ಎಲ್ಲಿಗೆ ಹೋಗೈತಿ ಅನ್ನೂದು ನನಗೂ ಗೊತ್ತೈತಿ. ಅಷ್ಟೂ ತುಂಬಿಕೊಡಾಕ ನನ್ನ ಕಡಿಂದ ಆಗೂದಿಲ್ಲ. ಇದು ನನ್ನ ಕೈಲಾದದ್ದು."

ಹೆಚ್ಚಿನದನ್ನು ಹಿಂದಕ್ಕೆ ಕೊಡು ಎಂದು ಗಂಡ ಕಣ್ಣಲ್ಲಿಯೇ ಹೇಳಿದರು. ನಾನು ಕೊಡಲಿಲ್ಲ. ಕಾದದ್ದು ನಾನು, ಧಾರಣೆ ಏರಿದ್ದನ್ನು ನೋಡಿದ್ದು ನಾನು. ಟ್ರಂಕು ತೆಗೆದು ಪಾಟ್ಲಿ ತಂದುಕೊಟ್ಟೆ. ಅವಳು ನಮ್ಮ ಮನೆಯಲ್ಲಿ ಹಾಕಿಕೊಳ್ಳಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡಳು. ಚಹಾ ಕುಡಿದರು. ಮಗ್ಗದ ಕರೆಂಟ್ ಬಿಲ್ಲಿನ ಮಾತು, ಸಾವಳಗಿ ಕಡೆ ಈ ಸಲ ಜೋಳ ಚೆನ್ನಾಗಿದೆ ಎನ್ನುವ ಮಾತು. ನನ್ನ ಮೊಣಕಾಲಿನ ಬಗ್ಗೆ ಅವಳು ಕೇಳಲಿಲ್ಲ.

ಆ ರೊಕ್ಕಕ್ಕೆ ಪಾಟ್ಲಿ ಬರುತ್ತಿರಲಿಲ್ಲ. ಸೀರೆಯ ಅಂಚಿಗೆ ಪಿಕೊ ಮಾಡುವ ಮಷೀನು ತೆಗೆದುಕೊಂಡೆ. ಒಳ್ಳೆಯ ಮಷೀನು, ಕೆಲಸವೂ ಬರುತ್ತಿದೆ. ದುಡಿಮೆಯ ಲೆಕ್ಕದಲ್ಲಿ ನನಗೆ ನಷ್ಟವಿಲ್ಲ ಎಂದು ಗಂಡ ಹೇಳುತ್ತಾರೆ.

ನಾವು ಮಾತು ಬಿಟ್ಟಿಲ್ಲ. ಕಳೆದ ತಿಂಗಳು ಅವಳೇ ಫೋನು ಮಾಡಿದ್ದಳು. ಕೆಲಸದ ಹೆಂಗಸರಿಗೆಲ್ಲ ಏಪ್ರನ್ ಹೊಲಿಸಬೇಕಿತ್ತು. ಅಳತೆ ಹೇಳಿದಳು, ಬಣ್ಣ ಹೇಳಿದಳು. "ರೊಕ್ಕ ಆಮ್ಯಾಲ ಕೊಡು ಬಿಡು" ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಮುಂಗಡ ಬಂದು ಫೋನು ಟಿಣ್ ಎಂದಿತು. ಹೊಲಿದು ತೆಗೆದುಕೊಂಡು ಹೋದೆ. ಉಳಿದದ್ದನ್ನೂ ಕವರಿನಲ್ಲಿ ಹಾಕಿಟ್ಟಿದ್ದಳು. ಎರಡನೆಯ ಶೆಡ್ಡು ಏಳುತ್ತಿತ್ತು, ಕೈಯಲ್ಲಿ ಪಾಟ್ಲಿ ಇದ್ದವು. ನಾನು ಮೊದಲು ನೋಡಿದ್ದೂ ಅವನ್ನೇ.

ಹೊರಡುವಾಗ ಅನಗವಾಡಿಯವಳು ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ಬಂದಳು. ಶೆಡ್ಡು ಕಟ್ಟಿಸುತ್ತಿರುವುದರಿಂದ ತನ್ನ ಪಗಾರ ಮೂರು ತಿಂಗಳಿಂದ ನಿಂತಿದೆ ಎಂದಳು.

"ಕೇಳಿಲ್ಲೇನ?" ಎಂದೆ.

"ಏನ ಕೇಳೂದ್ರಿ? ಅಕ್ಕಾರು ಎಲ್ಲಾರಿಗೂ ಕೊಟ್ಟಾರ. ನಂದ ಅಷ್ಟ ಇಟ್ಟಕೊಂಡಾರ. 'ನೀ ಮನಿ ಮಂದಿ, ನಿನಗೇನವಸರ' ಅಂದ್ರು."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಬನಹಟ್ಟಿ ಬಸ್ಸು ಬಂತು. ಕಿಟಕಿಯ ಪಕ್ಕ ಕುಳಿತು ಕವರು ತೆಗೆದು ನೋಡಿದೆ. ರೊಕ್ಕ ಸರಿಯಾಗಿತ್ತು, ಹೊರಗಿನವರಿಗೆ ಎಣಿಸಿಕೊಡುವ ಹಾಗೆ. ಮಹಾಲಿಂಗಪುರ ಬರುವವರೆಗೂ ನಾನು ಆ ಹೆಂಗಸಿನ ಬಾಕಿ ಪಗಾರದ ಬಗ್ಗೆಯೇ ಹೊಟ್ಟೆ ಉರಿದುಕೊಳ್ಳುತ್ತ ಕುಳಿತಿದ್ದೆ.